ಪಾರದರ್ಶಕ ಹಾಳೆಯ ಮೇಲೊಂದು ಬೆನ್ನು

ಚರ್ಮರೋಗ ವಿಭಾಗದ ದಾದಿಯ ಕೆಲಸವೆಂದರೆ ಮುಲಾಮು ಹಚ್ಚಿ ಪಟ್ಟಿ ಕಟ್ಟುವುದಷ್ಟೇ ಎಂದು ಬಗೆದಿದ್ದ ಆಸ್ಪತ್ರೆಯೊಂದರಲ್ಲಿ, ಕಣ್ಣಿಟ್ಟು ನೋಡುವುದೂ ಕಂಡದ್ದನ್ನು ಕಂಡಂತೆ ಬರೆಯುವುದೂ ಆ ಕೆಲಸದ ಜೀವಾಳವೆಂದು ಮೂವತ್ತನಾಲ್ಕು ವರ್ಷ ತೋರಿಸಿಕೊಟ್ಟವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರು ಏನೇ ಇರಲಿ, ಎಲ್ಲರ ಬಾಯಲ್ಲಿ ಅವರು ‘ಗೆರೆ ಸಿಸ್ಟರ್’. ಅವರನ್ನು ಮೃದುಭಾಷಿಯೆಂದು ಹೊಗಳಿದರೆ ಅವರೇ ಈ ಪುಟವನ್ನು ಹರಿದು ಹಾಕಿಯಾರು. ಸಿಟ್ಟು ಅವರ ಮೂಗಿನ ತುದಿಯಲ್ಲೇ ಇದೆ. ಅದು ಅಲ್ಲಿಗೆ ಬಂದದ್ದು ಹೇಗೆಂದು ಹೇಳದೆ ಹಾರ ಹಾಕುವುದು ಕಪಟವಾದೀತು.

ಸೇವೆಗೆ ಸೇರಿದ ಎಂಟನೆಯ ವರ್ಷ, ತಾಯಿಯೊಬ್ಬಳು ಮೂರು ತಿಂಗಳ ಹೆಣ್ಣುಕೂಸನ್ನು ಜ್ವರಕ್ಕೆಂದು ತಂದಳು, ಮೈ ಕಂಡವರು ಚರ್ಮರೋಗ ವಿಭಾಗಕ್ಕೆ ಕಳಿಸಿದರು. ಮುಖದ ಎಡಭಾಗ ಕಣ್ಣಿನ ರೆಪ್ಪೆಯವರೆಗೂ ಕೆಂಪು. ಬೆನ್ನ ಮೇಲೆ ಒಂಬತ್ತು ನೀಲಿ ಕಲೆ. ದಾಖಲಾತಿ ಪುಸ್ತಕದಲ್ಲಿ ಮೈಮೇಲಿನದನ್ನು ಬರೆಯಲು ಇದ್ದದ್ದು ‘ಗಾಯಗಳು’ ಎಂಬ ಒಂದೇ ಅಂಕಣ. ಸಿಸ್ಟರ್ ಅದರಲ್ಲಿ ಅಚ್ಚುಕಟ್ಟಾಗಿ ‘ಬೆನ್ನು, ನೀಲಿ, ಒಂಬತ್ತು’ ಎಂದು ಬರೆದರು. ಕಿರಿಯ ವೈದ್ಯರು ಕೂಸಿಗಿಂತ ಮೊದಲು ಅಂಕಣವನ್ನು ನೋಡಿದರು. ಸಂಜೆಯೊಳಗೆ ತಾಯಿ ಕೂಸಿಗೆ ಹೊಡೆದವಳೆನಿಸಿಕೊಂಡಳು, ವಾರ್ಡಿನ ಬಾಗಿಲು ಅವಳಿಗೆ ಮುಚ್ಚಿತು.

“ಹುಟ್ಟಿದಾಗಿಂದ ಇದೆ ಅಂತ ಎಷ್ಟು ಸಲ ಬಡ್ಕೊಳ್ಳಲಿ? ಬೆನ್ನು ಬಿಡಿ, ಕಣ್ಣು ನೋಡಿ! ಬೆಳಕಿಗೆ ತೆರೆಯೋದೇ ಇಲ್ಲ, ನೀರು ಸುರೀತಾನೇ ಇರುತ್ತೆ,” ಎಂದು ಅವಳು ಕಾರಿಡಾರಿನಲ್ಲಿ ಗಂಟಲು ಹರಿದುಕೊಂಡಳು.

“ಹೊಡೆದವರೆಲ್ಲ ಹೀಗೇ ಹೇಳೋದು,” ಎಂದರು ವಿಭಾಗದ ಮುಖ್ಯಸ್ಥರು, ತಲೆಯನ್ನೂ ಎತ್ತದೆ.

ಕಣ್ಣಿನ ವೈದ್ಯರನ್ನು ಕರೆಸಿ ಎಂದು ಸಿಸ್ಟರ್ ಎರಡು ಸಲ ಕೇಳಿದರು. ಮೊದಲು ವಿಚಾರಣೆ ಮುಗಿಯಲಿ ಎಂಬ ಉತ್ತರ ಬಂತು. ತಾವು ಬರೆದ ಮೂರು ಪದ ಒಬ್ಬ ತಾಯಿಯ ಮಡಿಲು ಬರಿದು ಮಾಡಿದ್ದನ್ನು ಕಂಡು ಸಿಟ್ಟು ಅವರ ಮೂಗಿನ ತುದಿಗೆ ಬಂತು. ಹುಣ್ಣಿನ ಅಳತೆ ತೆಗೆಯುವ ಪಾರದರ್ಶಕ ಹಾಳೆಯನ್ನು ಕೂಸಿನ ಬೆನ್ನ ಮೇಲೆ ಹಾಸಿ, ಒಂಬತ್ತೂ ಕಲೆಗಳ ಅಂಚನ್ನು ಪೆನ್ನಿನಲ್ಲಿ ಎಳೆದುಕೊಂಡರು. ಹೊಡೆತದ ಕಲೆಯಾದರೆ ಹಸಿರಾಗಿ, ಹಳದಿಯಾಗಿ, ಕರಗಬೇಕು. ಹನ್ನೆರಡನೆಯ ದಿನ ಅದೇ ಹಾಳೆಯನ್ನು ಹಾಸಿ ನೋಡಿದರೆ ಒಂದು ಕಲೆಯೂ ಕೂದಲೆಳೆಯಷ್ಟು ಕುಗ್ಗಿರಲಿಲ್ಲ, ಬಣ್ಣವೂ ಬದಲಾಗಿರಲಿಲ್ಲ. ಹಾಳೆಯನ್ನು ಮುಖ್ಯಸ್ಥರ ಮೇಜಿಗೆ ಬಡಿದು, “ಇವತ್ತಾದ್ರೂ ತಲೆ ಎತ್ತಿ ನೋಡಿ ಸರ್,” ಎಂದರು.

ಆಮೇಲೆ ಹೊರಗಿನಿಂದ ಕರೆಸಿದ ಮಕ್ಕಳ ಚರ್ಮತಜ್ಞೆ ಐದೇ ನಿಮಿಷದಲ್ಲಿ ಗುರುತಿಸಿದರು: ರಕ್ತನಾಳಗಳ ಕೆಂಪು ಮಚ್ಚೆಯೂ ಚರ್ಮದಾಳದ ನೀಲಿ ಮಚ್ಚೆಯೂ ಒಂದೇ ಮೈಯಲ್ಲಿ ಕೂಡಿ ಬರುವ, ಹುಟ್ಟಿನಿಂದಲೇ ಇರುವ ಅಪರೂಪದ ತೊಂದರೆ. ಕೆಂಪು ರೆಪ್ಪೆಗೆ ತಾಗಿದ್ದರೆ ಕಣ್ಣೊಳಗಿನ ಒತ್ತಡವನ್ನು ಮೊದಲ ದಿನವೇ ಅಳೆಯಬೇಕಿತ್ತು ಎಂದೂ ಹೇಳಿದರು. ಕೂಸು ತಾಯಿಯ ಮಡಿಲಿಗೆ ಮರಳಿತು. ಎಡಗಣ್ಣಿಗೆ ದೃಷ್ಟಿ ಮರಳಲಿಲ್ಲ.

ಆಸ್ಪತ್ರೆ ಕ್ಷಮೆ ಕೇಳಲಿಲ್ಲ, ಮುಖ್ಯಸ್ಥರಿಗೆ ಬಡ್ತಿಯಾಯಿತು. ಸಿಸ್ಟರ್ ಒಬ್ಬರೇ ಆ ಮನೆಯ ಮೆಟ್ಟಿಲು ಹತ್ತಿ, ಬರೆದ ಕೈ ತಮ್ಮದೆಂದು ಒಪ್ಪಿಕೊಂಡರು.

“ಕ್ಷಮಿಸೋ ಮಾತು ನನ್ನ ಹತ್ರ ಎತ್ತಬೇಡಿ ಅಕ್ಕ. ಆ ಪುಸ್ತಕ ಸರಿ ಮಾಡಿ,” ಎಂದಳು ತಾಯಿ.

ಅಂದಿನಿಂದ ಹೊಸ ದಾಖಲಾತಿ ಪುಸ್ತಕ ಬಂದಾಗಲೆಲ್ಲ, ಪ್ರತಿ ಪುಟದಲ್ಲೂ ಸ್ಕೇಲು ಹಿಡಿದು ಗೆರೆ ಎಳೆದು ‘ಹುಟ್ಟುಗುರುತು’ ಎಂಬ ಅಂಕಣ ಮಾಡಿದರು. ಅಚ್ಚಿನಲ್ಲೇ ಸೇರಿಸಿ ಎಂದು ವರ್ಷಕ್ಕೊಂದರಂತೆ ಇಪ್ಪತ್ತಾರು ಅರ್ಜಿ ಬರೆದರು, ಒಂದಕ್ಕೂ ಉತ್ತರವಿಲ್ಲ. ಮುಖದಲ್ಲಿ ಕೆಂಪಿದ್ದ ಎಷ್ಟೋ ಕೂಸುಗಳನ್ನು ಮೊದಲ ದಿನವೇ ಕಣ್ಣಿನ ವಿಭಾಗಕ್ಕೆ ತಾವೇ ಎತ್ತಿಕೊಂಡು ಹೋದರು, ಸಾಲಿನಲ್ಲಿ ನಿಲ್ಲಿ ಎಂದವರನ್ನು ಮೊಣಕೈಯಿಂದ ಸರಿಸಿದರು.

ನಿವೃತ್ತಿಯ ನೆನಪಿಗೆ ತರುತ್ತಿರುವ ಈ ಅಭಿನಂದನಾ ಸಂಪುಟದ ಸಮಿತಿ ಆ ಕಹಿ ಪ್ರಸಂಗ ಬೇಡವೆಂದಿತು. “ಹಾಗಾದ್ರೆ ನನ್ನ ಫೋಟೋನೂ ಬೇಡ ಬಿಡಿ,” ಎಂದರು ಸಿಸ್ಟರ್. ಲೇಖನ ಉಳಿಯಿತು.

ಕಳೆದ ವಾರ ಅವರು ಉಗ್ರಾಣದಲ್ಲಿ ಕುಳಿತು, ಉಳಿದಿದ್ದ ಹನ್ನೊಂದು ಖಾಲಿ ಪುಸ್ತಕಗಳಿಗೂ ಗೆರೆ ಎಳೆದಿಟ್ಟರು. ಸ್ಕೇಲಿನ ಇನ್ನೊಂದು ತುದಿ ಹಿಡಿದಿದ್ದವಳು ಮುಖದ ಎಡಭಾಗ ಕೆಂಪಾಗಿದ್ದ ಇಪ್ಪತ್ತಾರರ ಯುವತಿ. ಬಲಗಣ್ಣನ್ನು ಪುಟಕ್ಕೆ ಹತ್ತಿರ ತಂದು, “ಸೊಟ್ಟ ಆಯ್ತು ದೊಡ್ಡಮ್ಮ, ಇನ್ನೊಂದ್ಸಲ ಎಳೀರಿ,” ಎನ್ನುತ್ತಿದ್ದಳು.

ಸಿಸ್ಟರ್ ನೂರ್ಕಾಲ ಬಾಳಲಿ, ಅವರ ಸಿಟ್ಟೂ ಬಾಳಲಿ. ಹನ್ನೆರಡನೆಯ ಪುಸ್ತಕವೂ ಆ ಅಂಕಣವಿಲ್ಲದೆ ಅಚ್ಚಾಗಿ ಬಂದರೆ, ಅವರು ಸ್ಕೇಲು ಹಿಡಿದು ಒಳಗೆ ಬರುವಾಗ ಬಾಗಿಲಲ್ಲಿ ತಡೆಯುವ ಧೈರ್ಯ ಯಾರಿಗೂ ಬಾರದಿರಲಿ.