ನಂಬರಪ್ಪನ ಮೊದಲನೇ ನಂಬರು

ನಮ್ಮ ಆಸ್ಪತ್ರೆಯಲ್ಲಿ ಆತನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಹತ್ತೊಂಬತ್ತು ವರ್ಷವೂ ನಂಬರಪ್ಪನೇ. ಹೊಸ ಕಂಪ್ಯೂಟರೋ ಪ್ರಿಂಟರೋ ಬಂದರೆ ಅದಕ್ಕೊಂದು ನಂಬರು ಕೈಯಾರೆ ಒತ್ತಿ, ಚೀಟಿ ಅಂಟಿಸಿ, ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಆ ನಂಬರಿಲ್ಲದೆ ಒಂದು ಯಂತ್ರಕ್ಕೆ ಇನ್ನೊಂದರ ಗುರುತು ಸಿಗುತ್ತಿರಲಿಲ್ಲ. ನೋಟ್‌ಬುಕ್ಕನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಆಸಾಮಿ! ನನ್ನ ಡಯಾಲಿಸಿಸ್ ವಾರ್ಡಿನ ಪ್ರಿಂಟರ್ ಮುನಿಸಿಕೊಂಡಾಗಲೆಲ್ಲ ಅವನನ್ನು ಗೋಗರೆಯಬೇಕಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನ ಹೆಂಡತಿ ವಾರಕ್ಕೆರಡು ಸಲ ನನ್ನ ವಾರ್ಡಿನ ಮೂರನೇ ಹಾಸಿಗೆಯಲ್ಲಿ ಮಲಗುತ್ತಿದ್ದಳು. ಅದು ನೌಕರರ ಮನೆಯವರಿಗೆಂದೇ ಮೀಸಲಿಟ್ಟಿದ್ದು. ಇವನ ಕೆಲಸ ಹೋದರೆ ಅವಳ ಹಾಸಿಗೆಯೂ ಹೋಯಿತು. ಇದು ನಮಗೆಲ್ಲರಿಗೂ ಗೊತ್ತಿತ್ತು.

ಹೊಸ ಮ್ಯಾನೇಜರ್ ಒಂದು ಡಬ್ಬಿ ತರಿಸಿದ. ವೈರು ಚುಚ್ಚಿದರೆ ಸಾಕು, ಡಬ್ಬಿ ತಾನೇ ನಂಬರು ಹಂಚುತ್ತದೆ, ಯಂತ್ರಗಳು ತಾವೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ.

"ರೀ ನಂಬರಪ್ಪ, ಹಳೇದೆಲ್ಲ ನೀವೇ ಅಳಿಸಿ. ಒಂದು ತಿಂಗಳು ಇದು ನಡೀಲಿ, ಆಮೇಲೆ ನಿಮ್ಮ ವಿಷಯ ನೋಡೋಣ," ಎಂದ.

ಪಾಪ, ಅಳಿಸಿದ. ನೂರಾ ಹನ್ನೆರಡು ಚೀಟಿಗಳನ್ನು ಉಗುರಿನಿಂದಲೇ ಕೆರೆದು ಕಿತ್ತ.

ಇಪ್ಪತ್ತಾರನೇ ದಿನ ಲ್ಯಾಬಿಗೆ ಹೊಸ ಕಂಪ್ಯೂಟರ್ ಬಂತು. ಡಬ್ಬಿ ಅದಕ್ಕೂ ಒಂದು ನಂಬರು ಕೊಟ್ಟಿತು. ಮಧ್ಯಾಹ್ನದೊಳಗೆ ರಿಪೋರ್ಟು ಬರುವುದೇ ನಿಂತುಹೋಯಿತು. ಡಾಕ್ಟರುಗಳು ಕೂಗಾಡಿದರು. ಡಬ್ಬಿ ಮಾರಿದವನು ಬಂದು ತಲೆ ಕೆರೆದುಕೊಂಡ. ಕೊನೆಗೆ ನಂಬರಪ್ಪನಿಗೆ ಕರೆ ಹೋಯಿತು. ಅವನು ತನ್ನ ಕೋಣೆಗೆ ಹೋಗಿ ಬಂದ, ಎರಡೇ ನಿಮಿಷ! ರಿಪೋರ್ಟುಗಳು ಪಟಪಟ ಬಂದವು. ನಾನೂ ಚಪ್ಪಾಳೆ ತಟ್ಟಿದೆ.

"ಏನಾಗಿತ್ತು?" ಎಂದು ಮ್ಯಾನೇಜರ್ ಕೇಳಿದ.

"ಒಂದೇ ನಂಬರು ಎರಡು ಕಡೆ ಇತ್ತು ಸಾರ್. ಎರಡು ಮನೆಗೆ ಒಂದೇ ನಂಬರಿದ್ರೆ ಪೋಸ್ಟ್‌ಮ್ಯಾನ್ ಏನ್ಮಾಡ್ತಾನೆ? ಡಬ್ಬಿಗೆ ಅಷ್ಟು ತಿಳಿಯಲ್ಲ. ಮನುಷ್ಯ ಬೇಕು," ಎಂದು ಎದೆಯುಬ್ಬಿಸಿದ.

"ಒಂದು ಲ್ಯಾಬಿಂದು. ಇನ್ನೊಂದು ಯಾವುದು?"

ಅವನು ನೋಟ್‌ಬುಕ್ಕಿನ ಹಾಳೆ ತಿರುವತೊಡಗಿದ. ಬಾಯಿ ಬಿಟ್ಟವಳು ನಾನು. ನನ್ನ ನಾಲಿಗೆ ಬಿದ್ದುಹೋಗಲಿ! "ಇವರ ಕಂಪ್ಯೂಟರ್ ಮೇಲೆ ಹಳೇ ಚೀಟಿ ಇನ್ನೂ ಇದೆ ಸಾರ್," ಎಂದೆ. ತಮಾಷೆಗೆ ಅಂದಿದ್ದು. ಎಲ್ಲರೂ ನಕ್ಕರು.

"ಅದು ನಾನು ಕೊಟ್ಟ ಮೊದಲನೇ ನಂಬರು ಸಾರ್. ಅಳಿಸೋಕೆ ಮನಸ್ಸು ಬರಲಿಲ್ಲ."

"ಅಂದ್ರೆ ಇಡೀ ಆಸ್ಪತ್ರೇಲಿ ತಕರಾರು ಇದ್ದಿದ್ದು ನಿಮ್ಮ ಮೇಜಲ್ಲೇ. ತೆಗೆಸಿಬಿಡೋಣ, ಬಿಡಿ."

ಅಂದೇ ಮೇಜನ್ನೂ ತೆಗೆಸಿದರು, ಅವನನ್ನೂ. ಸಂಜೆ ನಂಬರಪ್ಪ ನನ್ನ ಮೇಜಿನೆದುರು ಬಂದು ನಿಂತ. "ನೋಡಮ್ಮ, ಮೂರನೇ ಹಾಸಿಗೆ ಈ ತಿಂಗಳು ಮಾತ್ರ ಇರಲಿ ಅಂತ ಮ್ಯಾನೇಜರಿಗೆ ಒಂದು ಮಾತು ಹೇಳ್ತೀಯಾ?"

"ಹೇಳ್ತೀನಿ," ಎಂದೆ. ಹೇಳಲಿಲ್ಲ. ನನಗೂ ಕೆಲಸ ಬೇಕಿತ್ತು.

ಸೋಮವಾರ ಬೆಳಿಗ್ಗೆ ಪ್ರಿಂಟರ್ ಒಂದಿಷ್ಟೂ ಸತಾಯಿಸದೆ ವಾರದ ಪಟ್ಟಿ ಕೊಟ್ಟಿತು. ಮೂರನೇ ಹಾಸಿಗೆಯ ಎದುರು ಮ್ಯಾನೇಜರನ ಅತ್ತೆಯ ಹೆಸರಿತ್ತು. ಪಟ್ಟಿಯನ್ನು ಬೋರ್ಡಿಗೆ ಚುಚ್ಚಿ ತಿರುಗಿದರೆ ಬಾಗಿಲಲ್ಲಿ ನಂಬರಪ್ಪನ ಹೆಂಡತಿ, ಎಂದಿನಂತೆ ಹೊದಿಕೆ ಹಿಡಿದುಕೊಂಡು. ಅವನು ಮನೆಯಲ್ಲಿ ಹೇಳಿಯೇ ಇರಲಿಲ್ಲ.

"ಇವತ್ತು ಪಟ್ಟಿ ಬೇಗ ಬಂದುಬಿಡ್ತಲ್ಲಮ್ಮ," ಎಂದಳು. "ನಮ್ಮೆಜಮಾನ್ರು ಬೆಳಿಗ್ಗೇನೇ ಬಂದು ಸರಿಮಾಡಿಕೊಟ್ರಾ?"