ಬೆಲ್ಲ ತುಂಬಿದ್ದ ಚೀಲಗಳು

ನಿಜಾಮರ ಕಾಲದಲ್ಲಿ ಶಹಾಬಾದದ ಹತ್ತಿರ ಒಂದು ಸಣ್ಣ ಸಿಮೆಂಟ್ ಕಾರ್ಖಾನೆಯಿತ್ತು. ಈಗ ಅದಿಲ್ಲ. ಅಲ್ಲಿ ನಾನು ಚೀಲ ನೋಡುವ ಕೆಲಸಕ್ಕಿದ್ದೆ. ಸಿಮೆಂಟ್ ತುಂಬಲು ಪೇಟೆಯಿಂದ ಬಂದ ಹಳೆಯ ಗೋಣಿಚೀಲಗಳನ್ನು ತಿರುವಿ, ಝಾಡಿಸಿ, ಬಿಸಿಲಿಗೆ ಹಿಡಿದು ತೂತು ಹುಡುಕಬೇಕು. ಸಿಕ್ಕರೆ ಹೊಲಿಯಬೇಕು, ಕೆಟ್ಟದ್ದನ್ನು ಬದಿಗೆ ಎಸೆಯಬೇಕು. ನಾನು ಓದಿದ್ದು ಎರಡನೇ ಇಯತ್ತೆ. ಆ ಕೆಲಸಕ್ಕೆ ಓದು ಬೇಕಿರಲಿಲ್ಲ, ಕಣ್ಣು ಬೇಕಿತ್ತು. ಗಂಡ ಕಲ್ಲಿನ ಗಣಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ. ನಾನು ದುಡಿದರೇ ಮನೆಯಲ್ಲಿ ಒಲೆ ಹತ್ತುತ್ತಿತ್ತು.

ಒಂದು ದಿನ ಬಂದ ಚೀಲಗಳು ಕೈಗೆ ಅಂಟಿದವು. ಒಂದು ಎಳೆಯನ್ನು ನಾಲಿಗೆಗೆ ಹಚ್ಚಿದೆ. ಸಿಹಿ. ಎಲ್ಲವನ್ನೂ ಬದಿಗೆ ಒಟ್ಟಿದೆ.

ನಮ್ಮ ಕೆಲಸ ನೋಡುವ ಮೇಸ್ತ್ರಿ ಬಂದ. ಅವನ ಅಪ್ಪ ಗಚ್ಚಿನ ಕೆಲಸದವನು, ಸುಣ್ಣ ಅರೆದು ವಾಡೆಯಂಥ ದೊಡ್ಡ ಮನೆ ಕಟ್ಟಿದವನು.

“ತೂತಿಲ್ಲ, ಹರಿದಿಲ್ಲ. ಯಾಕ ಒಗದಿ?”

“ಬೆಲ್ಲದ ಚೀಲ ಅವರೀ.”

“ಬೆಲ್ಲ ಇದ್ರ ಛಲೋನೇ ಆತಲ್ಲ! ನಮ್ಮಪ್ಪ ಗಚ್ಚಿಗಿ ಬೆಲ್ಲದ ನೀರು ಹಾಕೇ ಅರೀತಿದ್ದ. ಗ್ವಾಡಿ ಕಬ್ಬಿಣ ಆಗ್ತಿತ್ತು.”

“ಅದು ಸುಣ್ಣಕ್ಕರಿ. ಸಿಮಿಟಿಗಿ ಬೆಲ್ಲ ಆಗಂಗಿಲ್ಲ.”

“ನಿನಗ್ಯಾರು ಹೇಳಿದ್ರು? ವಿಲಾಯತಿಗಿ ಹೋಗಿ ಕಲ್ತು ಬಂದೀಯೇನು?”

ಯಾರೂ ಹೇಳಿರಲಿಲ್ಲ. ಹಿಂದಿನ ವರ್ಷ ನೆಲಕ್ಕೆ ಚೆಲ್ಲಿದ ಸಿಮೆಂಟನ್ನು ಕೇಳಿ ತಂದು, ಬಚ್ಚಲು ಗಟ್ಟಿಯಾಗಲಿ ಎಂದು ನಾನೂ ಬೆಲ್ಲದ ನೀರು ಹಾಕಿ ಕಲಸಿದ್ದೆ. ನಮ್ಮ ಕಡೆ ಗಚ್ಚು ಎಂದರೆ ಬೆಲ್ಲ ಬೇಕೇ ಬೇಕು. ಆ ಬಚ್ಚಲು ನಾಲ್ಕು ದಿನ ಅಂಬಲಿಯಂತೇ ಇತ್ತು. ಅತ್ತೆಯವರ ಕಾಲು ಅದರಲ್ಲಿ ಹೂತುಹೋಯಿತು. ಅವರು ಬೈದದ್ದು ಇಲ್ಲಿ ಹೇಳುವಂಥದ್ದಲ್ಲ. ಮೇಸ್ತ್ರಿಗೆ ಅದನ್ನೇ ಹೇಳಿದೆ. ಜೊತೆಯ ಹೆಂಗಸರೆಲ್ಲ ನಕ್ಕರು.

“ಯವ್ವಾ, ಒಂದು ಬಚ್ಚಲಾ ಕಟ್ಟಲಿಕ್ಕಾಗದಾಕಿ ಕಾರ್ಖಾನಿ ನಡಸಾಕತ್ಯಾಳ!” ಎಂದಳು ಪಕ್ಕದವಳು.

ಮೇಸ್ತ್ರಿ ನಗಲಿಲ್ಲ. “ಈ ಚೀಲ ತುಂಬಾಕ ಕಳಸು. ಇಲ್ಲಾಂದ್ರ ನಾಳಿಂದ ಬರಬ್ಯಾಡ.”

ಕಳಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಯಾರದೋ ಮನೆಯ ಛತ್ತು, ತಲೆಯ ಮೇಲಿನ ಸೂರು, ನನ್ನ ಬಚ್ಚಲಿನಂತಾದರೆ? ಒಂದು ಚೀಲ ಹೆಗಲಿಗೆ ಹಾಕಿಕೊಂಡು ಸಿಮೆಂಟ್ ಪರೀಕ್ಷೆ ಮಾಡುವ ಕೋಣೆಗೆ ನೇರ ಹೋದೆ. ಅಲ್ಲಿದ್ದ ಸಾಹೇಬರು ವಯಸ್ಸಾದ ಮುಸಲ್ಮಾನರು, ತಕ್ಕಡಿ ಅಲುಗೀತೆಂದು ಉಸಿರು ಹಿಡಿದು ಕೂಡುವಂಥವರು. ನನ್ನ ಮಾತು ಕೇಳಿ ಚೀಲ ಝಾಡಿಸಿದರು. ಉದುರಿದ್ದನ್ನು ಸಿಮೆಂಟಿಗೆ ಬೆರೆಸಿ, ನೀರು ಹಾಕಿ ಒಂದು ಬಿಲ್ಲೆ ತಟ್ಟಿದರು. ಬರೀ ಸಿಮೆಂಟಿನದು ಇನ್ನೊಂದು.

“ನಾಳಿ ಬಾ ಬೇಟಿ. ಅಲ್ಲೀತನ ನಿನ್ನ ಕೆಲಸದಿಂದ ಯಾರೂ ತಗೀಯಂಗಿಲ್ಲ.”

ಮರುದಿನ ಸಾಹೇಬರು ಕರೆಸಿದ್ದಕ್ಕೆ ಮೇಸ್ತ್ರಿಯೂ ಬಂದ. ಸಾಹೇಬರು ಬರೀ ಸಿಮೆಂಟಿನ ಬಿಲ್ಲೆಗೆ ಮೊಳೆ ಒತ್ತಿದರು. ಮೊಳೆ ಜಾರಿತು. ಬೆಲ್ಲದ ಬಿಲ್ಲೆಗೆ ಒತ್ತಿದರು. ನಾದಿದ ಹಿಟ್ಟಿಗೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಮೇಸ್ತ್ರಿ ನಂಬದೆ ತಾನೂ ಬೆರಳಿನಿಂದ ಒತ್ತಿದ, ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

“ಈಕೀನ ಬಿಡಬ್ಯಾಡ,” ಎಂದರು ಸಾಹೇಬರು. “ಚೀಲ ಹೋದ್ರ ಇನ್ನೊಂದು ಬರ್ತದ. ಛತ್ತು ಬಿದ್ರ ನೀ ಹಿಡೀತಿ ಏನು?”

“ನಾ ಎಲ್ಲಿ ಬಿಡ್ತೀನಿ ಅಂದೀನ್ರಿ ಸಾಹೇಬ್ರ,” ಎಂದ ಮೇಸ್ತ್ರಿ. ನನ್ನತ್ತ ನೋಡದೆ, “ಹೋಗು, ಹೊಸಾ ಚೀಲ ಬಂದು ಬಿದ್ದಾವ. ಇಲ್ಲೇನು ನಿಂತೀ?” ಎಂದ.

ಹೊರಗೆ ಬಂದೆ. ಹಿಂದಿನ ದಿನದಿಂದ ತುತ್ತು ಇಳಿದಿರಲಿಲ್ಲ. ಬುತ್ತಿಯ ಗಂಟು ಬಿಚ್ಚಿ, ಪುಂಡಿಪಲ್ಯ ಹಚ್ಚಿಕೊಂಡು, ಚೀಲದ ರಾಶಿಯ ಮೇಲೆಯೇ ಕೂತು ಎರಡು ರೊಟ್ಟಿ ತಿಂದೆ. ಪಕ್ಕದವಳು ನೀರು ಕೊಟ್ಟಳು. ಕುಡಿದು ಕೆಲಸಕ್ಕೆ ಕೂತೆ.