ನೂರಿಪ್ಪತ್ತನಾಲ್ಕು ಬಾಗಿಲು, ಒಂದು ಚಿಲಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಡಿಪೋದ ಅಂಗಳದಲ್ಲಿ ಸಾಲುಗಟ್ಟಿ ನಿಂತ ಬಸ್ಸುಗಳಲ್ಲಿ ಒಂದರ ಮೆಟ್ಟಿಲ ಮೇಲೆ, ಡಿಪೋದವರೆಲ್ಲ ಬಾಗಿಲಕ್ಕ ಎಂದು ಕರೆಯುವ ಮೆಕ್ಯಾನಿಕ್ಕು ನಿಂತಿದ್ದಾಳೆ. ಬಲಗೈ ಮೊಣಕೈವರೆಗೆ ಬಾಗಿಲ ಮೇಲಿನ ಪೆಟ್ಟಿಗೆಯೊಳಗೆ ಹೋಗಿದೆ, ಎಡಗೈಯಲ್ಲಿ ಸ್ಪ್ಯಾನರ್, ಹಲ್ಲುಗಳ ನಡುವೆ ಟಾರ್ಚು. ಸರಿಯಾಗಿ ಇದೇ ಹೊತ್ತಿಗೆ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಸ್ಪ್ಯಾನರನ್ನು ಕಂಕುಳಿಗೆ ಸಿಕ್ಕಿಸಿ, ಟಾರ್ಚು ಕಚ್ಚಿಕೊಂಡೇ ಆಕೆ ಫೋನು ಕಿವಿಗಿಡುತ್ತಾಳೆ. ಆ ಕಡೆಯಿಂದ ಗಂಡನ ದನಿ: "ಬಾಟಲಿ ಮುಚ್ಚಳ ಎಲ್ಲಿದೆ?"

ಟಾರ್ಚು ಬಾಯಿಂದ ಕೈಗೆ ಬರುತ್ತದೆ. "ಬಾಟಲಿ ಮೇಲೇ ಇದೆ," ಎನ್ನುತ್ತಾಳೆ. ಆ ಕಡೆ ಬಾಟಲಿ ಎತ್ತಿದ ಸದ್ದು. "ಹೌದು, ಇದೆ," ಎಂದು ಗಂಡ ಫೋನಿಡುತ್ತಾನೆ. ಬಾಗಿಲಕ್ಕ ಟಾರ್ಚನ್ನು ಮತ್ತೆ ಕಚ್ಚಿಕೊಳ್ಳುತ್ತಾಳೆ, ಈ ಸಲ ಬೇಕಾದದ್ದಕ್ಕಿಂತ ಸ್ವಲ್ಪ ಗಟ್ಟಿಯಾಗಿ.

ಈ ಡಿಪೋದಿಂದ ಆರೂವರೆಯೊಳಗೆ ಅರವತ್ತೆರಡು ಬಸ್ಸು ಹೊರಡಬೇಕು. ಬಸ್ಸಿಗೆ ಎರಡರಂತೆ ನೂರಿಪ್ಪತ್ತನಾಲ್ಕು ಬಾಗಿಲು. ಡ್ರೈವರುಗಳು ಒಬ್ಬೊಬ್ಬರಾಗಿ ಗುಂಡಿ ಒತ್ತಿ ಬಾಗಿಲು ತೆರೆದು ಮುಚ್ಚುತ್ತಾರೆ, ಈಕೆ ಪಕ್ಕದಲ್ಲಿ ನಡೆಯುತ್ತ ಕಿವಿಗೊಟ್ಟು ಕೇಳುತ್ತಾಳೆ. ಬುಸ್ ಎಂದು ಬಂದು ಠಪ್ ಎಂದು ಕೂತರೆ ಸರಿ. ಬುಸ್ ಎಂದಮೇಲೆ ಒಂದು ಚಿಕ್ಕ ಅನುಮಾನ, ಆಮೇಲೆ ಠಪ್ ಎಂದರೆ ಗಾಳಿ ಸೋರುತ್ತಿದೆ ಎಂದರ್ಥ. ಆ ಬಸ್ಸು ಹಿಂದಕ್ಕೆ. ಬಾಗಿಲು ಸರಿಯಾಗಿ ಕೂರದ ಬಸ್ಸಿನಿಂದ ಯಾರಾದರೂ ಬಿದ್ದರೆ ಪತ್ರಿಕೆಯಲ್ಲಿ ಬರುತ್ತದೆ. ಒಂಬತ್ತು ವರ್ಷದಲ್ಲಿ ಯಾರೂ ಬಿದ್ದಿಲ್ಲ, ಹಾಗಾಗಿ ಬಾಗಿಲಕ್ಕನ ಸುದ್ದಿ ಎಲ್ಲೂ ಬಂದಿಲ್ಲ.

"ಕೆಲಸಕ್ಕೆ ಸೇರಿದಾಗ ಗಂಡಸರಿಗೆಲ್ಲ ಎಂಜಿನ್ ಕೊಟ್ರು, ನನಗೆ ಬಾಗಿಲು ಕೊಟ್ರು. ಹಗುರ ಕೆಲಸ ಅಂತೆ," ಎನ್ನುತ್ತಾಳೆ ಕೈ ಒರೆಸಿಕೊಳ್ಳುತ್ತ. "ಒಂದು ಬಾಗಿಲು ಮೂವತ್ತೈದು ಕಿಲೋ ಇದೆ. ಹಗುರ ಅಂದವರು ಯಾರೂ ಎತ್ತಿ ನೋಡಿಲ್ಲ."

ಮನೆಯಲ್ಲಿರುವುದು ಏಳು ಕಿಲೋದ ಇನ್ನೊಂದು ಭಾರ. ಏಳು ತಿಂಗಳ ಮಗಳು. ಡಿಪೋದವರು ಆ ಕೂಸಿಗೆ ಬೋಲ್ಟು ಎಂದು ಹೆಸರಿಟ್ಟಿದ್ದಾರೆ. ಅಮ್ಮನಿಗೆ ಆ ಹೆಸರು ಸುತರಾಂ ಇಷ್ಟವಿಲ್ಲ, ಆದರೆ ಮೊನ್ನೆ ಮನೆಯಲ್ಲಿ ಅವಳ ಬಾಯಿಂದಲೇ ಅದು ಬಂದುಬಿಟ್ಟಿತಂತೆ. ಮನೆ ಎಂದರೆ ಒಂದೂವರೆ ಕೋಣೆ. ಆ ಅರ್ಧ ಕೋಣೆಯಲ್ಲಿ ತೊಟ್ಟಿಲು, ಒಗೆದ ಬಟ್ಟೆಯ ಹಗ್ಗ, ಗಂಡನ ಸೈಕಲ್ಲು ಮೂರೂ ಇವೆ. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಅಂಗಡಿ ತೆರೆಯುವುದು ಒಂಬತ್ತಕ್ಕೆ. ಹೀಗಾಗಿ ನಸುಕಿನ ಪಾಳಿ ಅವನದು. ಎದ್ದ ಮಗುವನ್ನು ಸಂಭಾಳಿಸಿ, ಎಂಟೂವರೆಗೆ ಶಿಶುಗೃಹಕ್ಕೆ ಬಿಟ್ಟು ಹೋಗುತ್ತಾನೆ. ಪಾಪ, ಒಳ್ಳೆಯ ಮನುಷ್ಯ, ಮಗುವಿನ ಮೇಲೆ ಜೀವ. "ಊರಿನವರ ಕಣ್ಣೆಲ್ಲ ಸರಿ ಮಾಡ್ತಾನೆ, ಕೈಯಲ್ಲಿರೋ ಮುಚ್ಚಳ ಕಾಣಲ್ಲ," ಎನ್ನುತ್ತಾಳೆ ಹೆಂಡತಿ.

ಬೋಲ್ಟಿಗೆ ಡಬ್ಬದ ಹಾಲು ಆಗುವುದಿಲ್ಲ. ಮೂರು ಥರದ ಡಬ್ಬ ತಂದದ್ದಾಯಿತು, ಮೂರನ್ನೂ ಅಪ್ಪನ ಅಂಗಿಯ ಮೇಲೆ ಉಗಿದದ್ದಾಯಿತು. ಆದ್ದರಿಂದ ಬಾಗಿಲಕ್ಕ ಕೆಲಸದ ನಡುವೆ ಎರಡು ಸಲ, ಎಂಟೂವರೆಗೊಮ್ಮೆ ಹನ್ನೆರಡಕ್ಕೊಮ್ಮೆ, ಕೈಪಂಪಿನಿಂದ ಹಾಲು ತೆಗೆದು ಬಾಟಲಿಗೆ ತುಂಬಿ ತಣ್ಣನೆ ಚೀಲದಲ್ಲಿಡಬೇಕು. ಒಂದು ಸಲಕ್ಕೆ ಹದಿನೆಂಟು ನಿಮಿಷ. ಇವತ್ತು ತೆಗೆದದ್ದು ಮಗುವಿಗೆ ನಾಳೆಯ ಊಟ. ಒಂದು ಹೊತ್ತು ತಪ್ಪಿದರೆ ಎದೆ ಕಲ್ಲಾಗುತ್ತದೆ, ಅಂಗಿ ಒದ್ದೆಯಾಗುತ್ತದೆ, ಒಂದು ವಾರ ತಪ್ಪಿದರೆ ಹಾಲೇ ಬತ್ತುತ್ತದೆ. ಬೇಕಾದದ್ದು ಹದಿನೆಂಟು ನಿಮಿಷ, ಯಾರೂ ಒಳನುಗ್ಗದ ಒಂದು ಜಾಗ, ಅಷ್ಟೇ.

ಜಾಗವನ್ನೇನೋ ಕೊಟ್ಟರು. ಮೇಲಿನಿಂದ ಸುತ್ತೋಲೆ ಬಂದಿತ್ತು, ಡಿಪೋ ಮ್ಯಾನೇಜರು ಉಗ್ರಾಣದ ಪಕ್ಕದ ಕೋಣೆಗೆ 'ತಾಯಂದಿರ ಕೋಣೆ' ಎಂದು ಬೋರ್ಡು ಹಾಕಿಸಿ, ಕುರ್ಚಿಯಿಟ್ಟು, ಫೋಟೋ ತೆಗೆಸಿ ಕಳಿಸಿದರು. ಫೋಟೋದಲ್ಲಿ ಬಾಗಿಲು ಬಂದಿಲ್ಲ. ಬಂದಿದ್ದರೆ ಅದಕ್ಕೆ ಚಿಲಕವಿಲ್ಲ ಎನ್ನುವುದು ಯಾರಿಗಾದರೂ ಕಾಣುತ್ತಿತ್ತು. ಸಾಲದ್ದಕ್ಕೆ ಪ್ರಯಾಣಿಕರು ಬಸ್ಸಲ್ಲಿ ಬಿಟ್ಟುಹೋದ ಛತ್ರಿ, ಚೀಲಗಳ ಕಪಾಟೂ ಅವುಗಳ ರಿಜಿಸ್ಟರೂ ಅದೇ ಕೋಣೆಯಲ್ಲಿವೆ.

ಮೊದಲ ವಾರ ಏಳು ಜನ ಒಳಗೆ ಬಂದರು. "ನಾಲ್ಕು ಜನ ಛತ್ರಿಗೆ, ಇಬ್ಬರು ರಿಜಿಸ್ಟರಿಗೆ. ಒಬ್ಬರು ತಾಯಂದಿರ ಕೋಣೆ ಹೇಗಿದೆ ಅಂತ ನೋಡೋಕೆ," ಎಂದು ಬೆರಳು ಮಡಿಸುತ್ತಾಳೆ ಬಾಗಿಲಕ್ಕ. "ಎಲ್ಲರೂ ಅಯ್ಯೋ ಸಾರಿ ಅಂತಾರೆ. ಸಾರಿ ಅಂದಮೇಲೂ ಛತ್ರಿ ತಗೊಂಡೇ ಹೋಗ್ತಾರೆ."

ಚಿಲಕಕ್ಕೆ ಅರ್ಜಿ ಕೊಟ್ಟಳು. ಕುರ್ಚಿಗೆ ದಿಂಬು ಮಂಜೂರಾಗಿ ಬಂತು. ಮತ್ತೆ ಕೊಟ್ಟಳು. ಕೋಣೆಯ ಬಾಗಿಲು ಕಟ್ಟಡ ವಿಭಾಗಕ್ಕೆ ಸೇರಿದ್ದು, ಅವರ ಬಡಗಿ ಬರುವವರೆಗೆ ಕಾಯಬೇಕು ಎಂದು ಉತ್ತರ ಬಂತು. ದಿನಕ್ಕೆ ನೂರಿಪ್ಪತ್ತನಾಲ್ಕು ಬಾಗಿಲು ನೋಡುವವಳಿಗೆ ಒಂದು ಚಿಲಕ ಹಾಕುವುದು ಹತ್ತು ನಿಮಿಷದ ಕೆಲಸ. ತಲೆ ಚಿಟ್ಟು ಹಿಡಿದು, ಮನೆಯಿಂದ ಒಂದು ಚಿಲಕ ತಂದು ಹಾಕಿಯೇಬಿಟ್ಟಳು. ಮೂರನೇ ದಿನ ಬಡಗಿ ಬಂದ, ಚಿಲಕ ಹಾಕುವುದಕ್ಕಲ್ಲ, ತೆಗೆಯುವುದಕ್ಕೆ. ಜೊತೆಗೆ ಮೆಮೋ: 'ಅನಧಿಕೃತ ಜೋಡಣೆ'. ಇನ್ನೊಂದು ಹಾಕಿದಳು, ಇನ್ನೊಂದು ಮೆಮೋ ಬಂತು. ಮೂರನೆಯದು ಬಂದರೆ ಊರಾಚೆಯ ವರ್ಕ್‌ಶಾಪಿಗೆ ವರ್ಗ. ಪಾಳಿ ಮುಗಿಯುವುದು ಎರಡಕ್ಕೆ, ಅಲ್ಲಿಂದ ಮನೆಗೆ ಒಂದೂಮುಕ್ಕಾಲು ಗಂಟೆ, ಶಿಶುಗೃಹ ಮುಚ್ಚುವುದು ಮೂರಕ್ಕೆ. ಅಲ್ಲಿಗೆ ಮುಗಿಯಿತು, ಕೆಲಸ ಇಲ್ಲವೇ ಕೂಸು.

ಹಾಗಾಗಿ ಕಳೆದ ಎರಡು ತಿಂಗಳಿಂದ ಆಕೆ ಹಾಲು ತೆಗೆಯುತ್ತಿರುವುದು ಅಂಗಳದ ಮೂಲೆಯಲ್ಲಿ ನಿಂತಿರುವ ಗುಜರಿ ಬಸ್ಸಿನಲ್ಲಿ. ಎಂಜಿನ್ ಇಲ್ಲ, ಚಕ್ರ ಎರಡೇ. ಮುಂದಿನ ಬಾಗಿಲನ್ನು ಶಾಶ್ವತವಾಗಿ ಬಿಗಿದು, ಹಿಂದಿನ ತುರ್ತು ಬಾಗಿಲಿನ ಕೆಂಪು ಹಿಡಿಯ ಚಿಲಕವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೂರಿಸಿದ್ದಾಳೆ. ಕಿಟಕಿಗಳಿಗೆ ಹಳೇ ಕಾಗದ ಅಂಟಿಸಿದ್ದಾಳೆ. ಇಡೀ ಡಿಪೋದಲ್ಲಿ ಅತ್ಯುತ್ತಮ ಬಾಗಿಲಿರುವ ಬಸ್ಸು ರಸ್ತೆಗಿಳಿಯದ ಈ ಒಂದೇ ಬಸ್ಸು. ಬೇಸಿಗೆಯಲ್ಲಿ ಒಳಗೆ ಬೆಂದುಹೋಗುತ್ತದೆ. ಆದರೂ ಹದಿನೆಂಟು ನಿಮಿಷ ಯಾರೂ ಛತ್ರಿ ಕೇಳುವುದಿಲ್ಲ.

ಈಗ ಅದಕ್ಕೂ ಕಲ್ಲು ಬಿದ್ದಿದೆ. ಗುಜರಿಯವರು ಶನಿವಾರ ಬಸ್ಸನ್ನು ಎಳೆದುಕೊಂಡು ಹೋಗುತ್ತಾರೆ ಎಂದು ಬುಧವಾರ ನೋಟಿಸು ಹಚ್ಚಿದರು. ಅಂದು ಹನ್ನೆರಡರ ಹಾಲು ಅರ್ಧ ಬಾಟಲಿಯೂ ಬರಲಿಲ್ಲ. "ಸಿಟ್ಟಿಗೆ ಹಾಲೂ ನಿಲ್ಲುತ್ತೆ ಅಂತ ಅವತ್ತೇ ಗೊತ್ತಾಗಿದ್ದು," ಎನ್ನುತ್ತಾಳೆ. ಮನೆಗೆ ಹೋಗಿ ಗಂಡನ ಮೇಲೆ ಹರಿಹಾಯ್ದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಮಗುವನ್ನು ಭುಜದ ಮೇಲೆ ತಟ್ಟುತ್ತ, "ಗುಜರಿಗೆ ಹಾಕೋ ಬಸ್ಸಿಂದ ನೀವು ಸಾಮಾನು ಬಿಚ್ಚಿಕೊಳ್ಳಲ್ವಾ?" ಎಂದು ಕೇಳಿದ. ಮುಚ್ಚಳ ಕಾಣದ ಮನುಷ್ಯನಿಗೆ ಇದು ಕಂಡಿತ್ತು.

ಬಿಚ್ಚಿಕೊಳ್ಳುತ್ತಾರೆ. ಅದಕ್ಕೆ ನಿಯಮವೇ ಇದೆ. ಗುಜರಿ ಬಸ್ಸು ಗೇಟು ದಾಟುವ ಮೊದಲು ಕೆಲಸಕ್ಕೆ ಬರುವ ಬಿಡಿಭಾಗಗಳನ್ನು ಮೆಕ್ಯಾನಿಕ್ಕು ಬಿಚ್ಚಿ, ಬೇರೆ ಕಡೆ ಅಳವಡಿಸಿ, ಮರುಬಳಕೆಯ ಪುಸ್ತಕದಲ್ಲಿ ಬರೆಯಬೇಕು. ಶುಕ್ರವಾರ ಬಾಗಿಲಕ್ಕ ಬರೆದದ್ದು ಹೀಗೆ: ತುರ್ತು ಬಾಗಿಲಿನ ಚಿಲಕ, ಒಂದು. ಸ್ಥಿತಿ: ಉತ್ತಮ. ಅಳವಡಿಸಿದ್ದು: ಬಾಗಿಲಿಗೆ. ಫೋರ್‌ಮನ್ ಓದಿದ. ತಲೆಯೆತ್ತಿ ಅವಳನ್ನು ನೋಡಿದ. "ಯಾವ ಬಾಗಿಲು?" ಎಂದ. "ಅದಕ್ಕೆ ಕಾಲಮ್ಮಿಲ್ಲ ಸರ್," ಎಂದಳು. ಅವನಿಗೂ ಮನೆಯಲ್ಲಿ ಇಬ್ಬರು ಮಕ್ಕಳು. ಸಹಿ ಹಾಕಿದ.

ಸೋಮವಾರ ಬೆಳಿಗ್ಗೆ ಕಟ್ಟಡ ವಿಭಾಗದ ಬಡಗಿ ಸ್ಕ್ರೂಡ್ರೈವರ್ ಹಿಡಿದು ಬಂದೇಬಿಟ್ಟ. ಯಾರು ಹೇಳಿದರೋ. ತಾಯಂದಿರ ಕೋಣೆಯ ಬಾಗಿಲಿಗೆ ಅಂಗೈಯಗಲದ ಕಬ್ಬಿಣದ ಚಿಲಕ ಕೂತಿದೆ, ಕೆಂಪು ಹಿಡಿ ಮಿರಮಿರ ಮಿಂಚುತ್ತಿದೆ, ಕೆಳಗೆ 'ತುರ್ತು ಸಂದರ್ಭದಲ್ಲಿ ಮಾತ್ರ ಬಳಸಿ' ಎಂಬ ಪಟ್ಟಿಯೂ ಹಾಗೇ ಇದೆ. ಬಾಗಿಲಕ್ಕ ತಣ್ಣನೆ ಚೀಲ ಹಿಡಿದು ಗೋಡೆಗೊರಗಿ ನಿಂತಿದ್ದಾಳೆ. ಮುಖದಲ್ಲಿ ಏನೂ ಇಲ್ಲ, ಚೀಲದ ಪಟ್ಟಿಯನ್ನು ಮಾತ್ರ ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಾಳೆ. ಮೂರನೆಯ ಮೆಮೋ ಬರುವುದೋ ಇಲ್ಲವೋ ಎನ್ನುವುದು ಈ ಮನುಷ್ಯನ ಕೈಯಲ್ಲಿದೆ.

ಬಡಗಿ ಬಗ್ಗಿ ನೋಡುತ್ತಾನೆ. ಚಿಲಕದ ಮೇಲೆ ವಾಹನ ವಿಭಾಗದ ಮುದ್ರೆ, ಬಿಡಿಭಾಗದ ಸಂಖ್ಯೆ. ತನ್ನ ಪಟ್ಟಿ ತೆಗೆದು ಬೆರಳಾಡಿಸುತ್ತಾನೆ. ಮರದ ಚಿಲಕವಿದೆ, ಕಬ್ಬಿಣದ ಅಗುಳಿಯಿದೆ, ಬೀಗವಿದೆ. ಬಸ್ಸಿನ ಚಿಲಕವಿಲ್ಲ. "ಇದು ನಿಮ್ಮ ವಿಭಾಗದ ಸಾಮಾನು," ಎನ್ನುತ್ತಾನೆ ಕೊನೆಗೆ. "ಇದಕ್ಕೆ ನಾನು ಕೈ ಹಾಕಿದ್ರೆ ನನಗೇ ಮೆಮೋ ಬರುತ್ತೆ."

"ಹೌದು, ಬರುತ್ತೆ," ಎನ್ನುತ್ತಾಳೆ ಬಾಗಿಲಕ್ಕ. ಆಕೆಗೆ ಅದರ ಅನುಭವ ಇದೆ.

ಬಡಗಿ ಕಿವಿಯ ಹಿಂದಿನ ಪೆನ್ಸಿಲು ತೆಗೆದು ತನ್ನ ಪುಸ್ತಕದಲ್ಲಿ ಬರೆಯುತ್ತಾನೆ. 'ತಾಯಂದಿರ ಕೋಣೆ. ಚಿಲಕ: ಇಲ್ಲ.' ಆಮೇಲೆ, ಯಾಕೋ, ಕೆಂಪು ಹಿಡಿಯನ್ನು ಒಮ್ಮೆ ತಿರುಗಿಸಿ ನೋಡುತ್ತಾನೆ. ಠಪ್ ಎಂದು ಕೂರುತ್ತದೆ. "ಚೆನ್ನಾಗಿ ಹಾಕಿದ್ದೀಯಮ್ಮ," ಎಂದು ಹೋಗುತ್ತಾನೆ.

ಇಷ್ಟಕ್ಕೆ ಸಂತೋಷವಾಯಿತೇ ಎಂದು ಕೇಳಿದರೆ ಬಾಗಿಲಕ್ಕನಿಗೆ ಸಿಟ್ಟೇ ಬರುತ್ತದೆ. "ಸಂತೋಷ ಏನು ಬಂತು? ಒಂದು ಚಿಲಕಕ್ಕೆ ನಾಲ್ಕು ತಿಂಗಳು ಒದ್ದಾಡಿದ್ದೀನಿ. ಮಗಳು ಇನ್ನು ನಾಲ್ಕೈದು ತಿಂಗಳಿಗೆ ಹಾಲು ಬಿಡ್ತಾಳೆ." ಅಂಗಳದ ಆಚೆ, ಒಂದು ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಟಿಕೆಟ್ ಯಂತ್ರ ಒರೆಸುತ್ತಿರುವ ಒಬ್ಬ ಕಂಡಕ್ಟರಮ್ಮನ ಕಡೆ ಗಲ್ಲ ಎತ್ತಿ ತೋರಿಸುತ್ತಾಳೆ. ಆಕೆಗೀಗ ಆರು ತಿಂಗಳು. "ಅವಳ ಹೊತ್ತಿಗೂ ಇದನ್ನ ಯಾರೂ ಬಿಚ್ಚದೆ ಇದ್ರೆ ಸಾಕು. ಇನ್ನೇನೂ ಕೇಳಲ್ಲ ನಾನು."

ಗಡಿಯಾರ ಎಂಟೂವರೆ ತೋರಿಸುತ್ತದೆ. ಬಾಗಿಲಕ್ಕ ಒಳಗೆ ಹೋಗುತ್ತಾಳೆ. ಕೆಂಪು ಹಿಡಿ ತಿರುಗುತ್ತದೆ, ಠಪ್. ಐದು ನಿಮಿಷ ಆಗಿದೆಯಷ್ಟೇ, ಒಬ್ಬ ಡ್ರೈವರು ಆತುರಾತುರವಾಗಿ ಬಂದು ಎಂದಿನಂತೆ ಬಾಗಿಲಿಗೆ ಭುಜ ಕೊಡುತ್ತಾನೆ. ಬಾಗಿಲು ಅಲುಗುವುದಿಲ್ಲ. ಅವನು ಹಿಂದೆ ಸರಿದು, ಬಾಗಿಲನ್ನು ಮೇಲಿನಿಂದ ಕೆಳಗೆ ನೋಡಿ, ಆಮೇಲೆ ಬೆರಳು ಮಡಿಸಿ ಮೆಲ್ಲಗೆ ಎರಡು ಸಲ ತಟ್ಟುತ್ತಾನೆ. ಈ ಕೋಣೆಯ ಬಾಗಿಲನ್ನು ಯಾರಾದರೂ ತಟ್ಟಿದ್ದು ಇದೇ ಮೊದಲು.

"ಅಕ್ಕಾ, ಒಂದು ಛತ್ರಿ ಬೇಕಿತ್ತು."

ಒಳಗಿನಿಂದ ದನಿ ನಿಧಾನವಾಗಿ ಬರುತ್ತದೆ. "ಹದಿಮೂರು ನಿಮಿಷ ಇದೆ. ನಿಂತಿರಿ."